ಬೂದುಬಣ್ಣದ ಮಲ್ಲಿಗೆ

ನಮ್ಮ ಕಡೆಯಲ್ಲಿ ‘ಕಾಂಪೆನ್ಸೇಷನ್’ ಎಂಬ ಇಂಗ್ಲಿಷ್ ಮಾತಿಗೆ ಅರ್ಥವನ್ನು ಕೇಳಬೇಕಾದವರು ಯಾರೂ ಇಲ್ಲ. ಕಾಲುವೆಗೆ ಗದ್ದೆ ಹೋದವರು, ಹೆದ್ದಾರಿಗೆ ಮನೆಯ ಜಗಲಿ ಹೋದವರು, ಕಛೇರಿಯ ಮೆಟ್ಟಿಲುಗಳನ್ನು ಹತ್ತಿ ಇಳಿದು ಆ ಮಾತನ್ನು ಮನೆಮಾತಾಗಿ ಮಾಡಿಕೊಂಡಿದ್ದಾರೆ. ಆದುದರಿಂದ ಮಗನು ಬಿಟ್ಟುಹೋಗಿದ್ದ ಕ್ಯಾಮರಾದ ಕೈಪಿಡಿಯಲ್ಲಿ ‘ಎಕ್ಸ್‌ಪೋಶರ್ ಕಾಂಪೆನ್ಸೇಷನ್’ ಎಂಬ ತಲೆಬರಹವನ್ನು ಮೊದಲ ಬಾರಿಗೆ ಕಂಡಾಗ, ಯಾರು ಏನನ್ನು ಕಳೆದುಕೊಂಡುದಕ್ಕೆ ಯಾರು ಕೊಡುವ ಪರಿಹಾರವಿದು ಎಂದು ನಾನು ನಿಜವಾಗಿಯೂ ಯೋಚಿಸಿದೆನು. ಒಂದು ವರ್ಷ ಕಳೆದ ಮೇಲೆ, ಆ ಪ್ರಶ್ನೆಯು ಅಷ್ಟೇನೂ ಅಸಂಗತವಾದುದಲ್ಲವೆಂದು ನನಗೆ ತೋರಿತು. ಹೇಗೆಂಬುದನ್ನು ವಾಚಕರಲ್ಲಿ ಅರಿಕೆ ಮಾಡಿಕೊಳ್ಳುವುದೇ ಈ ಬರಹದ ಉದ್ದೇಶ.

ನಾನು ಸಂಸ್ಕೃತ ಪಾಠಶಾಲೆಯಲ್ಲಿ ಶಬ್ದ, ಧಾತು, ಅಮರಗಳನ್ನು ಉರುಹೊಡೆದು ಬೆಳೆದವನು. ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರೌಢಶಾಲೆಯಲ್ಲಿ ಕನ್ನಡ ಸಂಸ್ಕೃತಗಳನ್ನು ಬೋಧಿಸಿ ನಿವೃತ್ತನಾದವನು. ಯಂತ್ರಗಳೊಡನೆ ನನಗಿದ್ದ ಸ್ನೇಹವು ಕೈಗಡಿಯಾರಕ್ಕೆ ಕೀಲಿ ಕೊಡುವುದರಿಂದ ಆಚೆಗೆ ಹೋಗಿರಲಿಲ್ಲ. ಮಗನು ಹೊಸ ಕ್ಯಾಮರಾವನ್ನು ಕೊಂಡು, “ಅಪ್ಪ, ಹಳೆಯದು ನಿಮ್ಮ ಹತ್ತಿರ ಇರಲಿ, ಹೊತ್ತು ಹೋಗುತ್ತದೆ” ಎಂದು ಹೇಳಿ ಹೊರಟುಹೋದನು. ಹೊತ್ತು ಹೋಗುವುದಕ್ಕೆ ನಿವೃತ್ತನಾದವನಿಗೆ ಯಂತ್ರದ ಸಹಾಯವು ಬೇಕಿಲ್ಲ. ಆದರೂ ಕೈಗೆ ಬಂದುದನ್ನು ಕಲಿಯದೆ ಮೂಲೆಯಲ್ಲಿಡುವುದು ಮೇಷ್ಟ್ರ ಜಾತಿಗೆ ಒಪ್ಪುವ ಮಾತಲ್ಲವಾದುದರಿಂದ, ಕನ್ನಡಕವನ್ನೇರಿಸಿ ಅದರ ಮುಂದೆ ಕುಳಿತೆನು.

ಮೊದಲು ಹಿಡಿದ ಪಟಗಳಲ್ಲಿ ನಮ್ಮ ಅಕ್ಕನದು ಒಂದು. ಹಿಂದಿನ ವರ್ಷದ ಗೌರಿ ಹಬ್ಬಕ್ಕೆ ಅವಳು ಬಾಗಿನಕ್ಕೆಂದು ತವರಿಗೆ ಬಂದಿದ್ದಳು. ಅವಳಿಗೆ ಎಪ್ಪತ್ತೆರಡು ವರ್ಷ. ನಮ್ಮದು ಹಳೆಯ ತೊಟ್ಟಿಮನೆ. ತೊಟ್ಟಿಯ ಅಂಚಿನ ಕಂಬಕ್ಕೊರಗಿ ಕುಳಿತು ಅಕ್ಕನು ಹೂ ಕಟ್ಟುತ್ತಿದ್ದಳು. ಹಿಂದುಗಡೆ ತೊಟ್ಟಿಯೊಳಕ್ಕೆ ಬಿಸಿಲು ಸುರಿದು, ಎದುರಿನ ಸುಣ್ಣದ ಗೋಡೆಯು ಥಳಥಳಿಸುತ್ತಿದ್ದಿತು. ನೋಟವು ಬಹು ಸೊಗಸಾಗಿದ್ದಿತು. ನಾನು ಪಟವನ್ನು ಹಿಡಿದು, ಕ್ಯಾಮರಾದ ಬೆನ್ನಿನ ಗಾಜಿನಲ್ಲಿ ಅವಳಿಗೆ ತೋರಿಸಿದೆನು. ಗೋಡೆ ಬಂದಿದ್ದಿತು, ಕಂಬ ಬಂದಿದ್ದಿತು, ಬಿಸಿಲಿನಲ್ಲಿ ಮಿಂದ ತುಳಸಿಯೂ ಬಂದಿದ್ದಿತು. ಅಕ್ಕನ ಮುಖವಿರಬೇಕಾದ ಕಡೆಯಲ್ಲಿ ಇದ್ದಲಿನಂಥ ಒಂದು ಕಪ್ಪು. ಆ ಕಪ್ಪಿನಲ್ಲಿ ಮೂಗುಬೊಟ್ಟಿನ ಒಂದು ಮಿಣುಕು.

ನಾನು ಮುಖವನ್ನು ಸಣ್ಣದು ಮಾಡಿದೆನು. ಅಕ್ಕನು ನಕ್ಕು, “ಅದಕ್ಕೇನು ಮಾಡುತ್ತೀಯೋ, ನನ್ನ ಬಣ್ಣವೇ ಅಂಥದ್ದು. ಯಂತ್ರ ಸುಳ್ಳು ಹೇಳುತ್ತದೆಯೇ?” ಎಂದಳು, ಎಂದು ಮತ್ತೆ ಹೂ ಕಟ್ಟತೊಡಗಿದಳು.

ಅವಳು ನಕ್ಕುದು ನನಗೆ ಸಹಿಸಲಿಲ್ಲ. ಏಕೆಂದರೆ ಆ ನಗುವಿನ ಹಿಂದೆ ಇನ್ನೊಂದು ಪಟವಿರುವುದನ್ನು ನಾನು ಬಲ್ಲೆನು.

ಅದು 1972ನೆಯ ಇಸವಿ. ಅಕ್ಕನಿಗೆ ವರಾನ್ವೇಷಣೆ ನಡೆಯುತ್ತಿದ್ದಿತು. ಗಂಡಿನ ಕಡೆಯವರಿಗೆ ಕಳುಹಿಸುವುದಕ್ಕೆ ಭಾವಚಿತ್ರ ಬೇಕೆಂದು ತಂದೆಯವರು ಅವಳನ್ನು ಪೇಟೆಯ ಸ್ಟುಡಿಯೋಕ್ಕೆ ಕರೆದುಕೊಂಡು ಹೋದರು. ಹುಡುಗನಾದ ನಾನೂ ಬಾಲದಂತೆ ಹಿಂದೆ ಹೋದೆನು. ಸ್ಟುಡಿಯೋದವನು ಅಕ್ಕನ ಮುಖಕ್ಕೆ ಪೌಡರನ್ನು ಬಳಿಯಿಸಿ, ಎರಡು ದೊಡ್ಡ ದೀಪಗಳನ್ನು ಎದುರಿಗೆ ತಂದು ನಿಲ್ಲಿಸಿದನು. “ಯೋಚನೆ ಮಾಡಬೇಡಿ ಸ್ವಾಮಿ, ಮಿಕ್ಕದ್ದು ನೆಗೆಟಿವಿನ ಮೇಲೆ ಪೆನ್ಸಿಲಿನಿಂದ ಸರಿಮಾಡಿಕೊಡುತ್ತೇನೆ” ಎಂದು ತಂದೆಯವರಿಗೆ ಧೈರ್ಯ ಹೇಳಿದನು. ನೆಗೆಟಿವಿನಲ್ಲಿ ಸೀಸದ ಕಡ್ಡಿಯಿಂದ ತೀಡಿದ ಭಾಗವು ಕಾಗದದ ಮೇಲೆ ಬಿಳುಪಾಗಿ ಮೂಡುವುದೆಂಬ ಮರ್ಮವು ನನಗೆ ತಿಳಿದುದು ಎಷ್ಟೋ ವರ್ಷಗಳ ಮೇಲೆ. ಒಂದು ವಾರದ ತರುವಾಯ ಬಂದ ಪಟದಲ್ಲಿ ಅಕ್ಕನ ಸೀರೆಯುಟ್ಟ ಯಾರೋ ಬೆಳ್ಳನೆಯ ಹುಡುಗಿಯಿದ್ದಳು. ಪಟವನ್ನು ನೋಡಿ ಸಂತೋಷಪಟ್ಟು ಬಂದವರು, ಉಪ್ಪಿಟ್ಟನ್ನು ತಿಂದು, ಅಕ್ಕನನ್ನು ನೋಡಿ, “ಪಟದಲ್ಲಿ ಬೇರೆ ಥರ ಇತ್ತು” ಎಂದು ಹೇಳಿ ಎದ್ದುಹೋದರು. ಹೀಗೆ ಮೂರು ಮನೆತನದವರು ಬಂದುಹೋದರು. ಕೊನೆಗೆ ಕೈಹಿಡಿದ ನಮ್ಮ ಭಾವನವರು ಪಟವನ್ನೇ ಕೇಳಿರಲಿಲ್ಲ. ಅವರು ಸಂಸಾರವನ್ನು ಚೆನ್ನಾಗಿ ನಡೆಸಿ, ನಾಲ್ಕು ವರ್ಷಗಳ ಹಿಂದೆ ತೀರಿಕೊಂಡರು. ಆದರೆ ಅಕ್ಕನು ಅಂದಿನಿಂದ ಕ್ಯಾಮರಾದ ಎದುರಿಗೆ ನಿಲ್ಲುವಾಗಲೆಲ್ಲ ಹಿಂದಿನ ಸಾಲಿಗೆ ಸರಿದುಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡಳು. ನಮ್ಮ ಮನೆಯ ಯಾವ ಮದುವೆಯ ಆಲ್ಬಮಿನಲ್ಲಿಯೂ ಅವಳ ಪೂರ್ತಿ ಮುಖವಿಲ್ಲ.

ಹಬ್ಬವು ಮುಗಿದು ಅಕ್ಕನು ಊರಿಗೆ ಹೋದಳು. ನನ್ನ ಮನಸ್ಸಿನಲ್ಲಿ ಮಾತ್ರ ಅವಳ ಪ್ರಶ್ನೆಯು ಉಳಿಯಿತು: ಯಂತ್ರ ಸುಳ್ಳು ಹೇಳುತ್ತದೆಯೇ?

ಪರೀಕ್ಷಿಸಿ ನೋಡಬೇಕೆಂದು, ಹಿತ್ತಲಿನ ದುಂಡುಮಲ್ಲಿಗೆಯ ಮೊಗ್ಗುಗಳನ್ನು ಮನೆಯವರಿಂದ ಬಿಡಿಸಿ ತರಿಸಿ, ಬಿಳಿಯ ಪಂಚೆಯ ಮೇಲೆ ರಾಶಿ ಹಾಕಿ, ಕ್ಯಾಮರಾದ ಕಣ್ಣಿನ ತುಂಬ ಮಲ್ಲಿಗೆಯೇ ಇರುವಂತೆ ಪಟವನ್ನು ಹಿಡಿದೆನು. ಹೂವೂ ಪಂಚೆಯೂ ಒಟ್ಟಿಗೆ ಬೂದುಬಣ್ಣಕ್ಕೆ ತಿರುಗಿದ್ದುವು. “ಇದೇನು, ಹೂವಿಗೆ ಹೊಗೆ ಹಿಡಿದ ಹಾಗಿದೆಯಲ್ಲ!” ಎಂದರು ಮನೆಯವರು. ಅನಂತರ ಎದುರು ಮನೆಯ ಎಮ್ಮೆಯ ಮಗ್ಗುಲಿಗೆ ಹೋಗಿ, ಅದರ ಕಪ್ಪು ಮೈಯೇ ತುಂಬುವಂತೆ ಇನ್ನೊಂದನ್ನು ಹಿಡಿದೆನು. ಆ ಎಮ್ಮೆಯೂ ಬೂದುಬಣ್ಣದ್ದೇ! ಮಲ್ಲಿಗೆಗೂ ಎಮ್ಮೆಗೂ ವರ್ಣಸಾಮ್ಯವನ್ನು ಕಲ್ಪಿಸುವ ಧೈರ್ಯವನ್ನು ನಾನು ಓದಿದ ಕವಿಗಳಲ್ಲಿ ಒಬ್ಬರೂ ಮಾಡಿಲ್ಲ. ನನ್ನ ಕ್ಯಾಮರಾವು ಒಂದೇ ಬೆಳಗಿನಲ್ಲಿ ಅದನ್ನು ಸಾಧಿಸಿತು.

ನಮ್ಮೂರಿನಲ್ಲಿ ಮದುವೆ ಮುಂಜಿಗಳ ಪಟವನ್ನು ತೆಗೆಯುವವನೊಬ್ಬನಿದ್ದಾನೆ. ನನ್ನ ಹಳೆಯ ವಿದ್ಯಾರ್ಥಿ. ರಾಮಶಬ್ದವನ್ನು ಷಷ್ಠೀ ವಿಭಕ್ತಿಯಿಂದ ಆಚೆಗೆ ಒಮ್ಮೆಯೂ ಒಪ್ಪಿಸಿದವನಲ್ಲ. ಅವನ ಅಂಗಡಿಗೆ ಹೋಗಿ ಎರಡು ಪಟಗಳನ್ನೂ ಮುಂದಿಟ್ಟೆನು. ಅವನು ನಗಲಿಲ್ಲ. ಕುರ್ಚಿಯನ್ನು ಒರೆಸಿ ಕೊಟ್ಟು, “ಮೇಷ್ಟ್ರೇ, ಇದರೊಳಗೆ ಬೆಳಕನ್ನು ಅಳೆಯುವ ಮೀಟರ್ ಇದೆ. ಅದಕ್ಕೆ ಎಷ್ಟು ಬೆಳಕು ಬಂತು ಎಂಬುದು ಗೊತ್ತು. ಯಾವುದರಿಂದ ಬಂತು ಎಂಬುದು ಗೊತ್ತಿಲ್ಲ. ಮಲ್ಲಿಗೆ ಅಂತ ನೀವು ಹೇಳಬೇಕು” ಎಂದನು.

ಅವನು ಅಂದು ಹೇಳಿದುದನ್ನೂ ಆ ಮೇಲೆ ನಾನು ಓದಿ ತಿಳಿದುದನ್ನೂ ಕೂಡಿಸಿ ಹೇಳುವೆನು. ಬೆಳಕು ಬಿದ್ದರೆ ವಿದ್ಯುತ್ತನ್ನು ಹುಟ್ಟಿಸುವ ಸೆಲೆನಿಯಂ ಎಂಬ ಧಾತುವಿನ ನೆರವಿನಿಂದ ಬೆಳಕನ್ನು ಅಳೆಯುವ ಮಾಪಕಗಳು 1930ರ ದಶಕದಲ್ಲಿ ಬಳಕೆಗೆ ಬಂದುವು. ಅನಂತರ ಅವು ಕ್ಯಾಮರಾದ ಒಡಲನ್ನೇ ಸೇರಿದುವು. ವಸ್ತುವಿನಿಂದ ಹೊಮ್ಮಿ ಬಂದ ಬೆಳಕನ್ನು ಅಳೆಯುವ ಯಂತ್ರಕ್ಕೆ ಒಂದು ಸಂದೇಹವು ತಪ್ಪಿದ್ದಲ್ಲ. ಮಂದವಾದ ಬೆಳಕಿನಲ್ಲಿರುವ ಬಿಳಿಯ ಗೋಡೆಯಿಂದಲೂ ಉರಿಬಿಸಿಲಿನಲ್ಲಿರುವ ಕರಿಯ ಬಂಡೆಯಿಂದಲೂ ಒಂದೇ ಪ್ರಮಾಣದ ಬೆಳಕು ಬರಬಹುದು. ಎದುರಿಗಿರುವುದು ಗೋಡೆಯೋ ಬಂಡೆಯೋ ಎಂಬುದನ್ನು ಅದು ತಿಳಿಯುವುದೆಂತು? ಆದುದರಿಂದ ಯಂತ್ರವನ್ನು ಮಾಡಿದವರು ಅದಕ್ಕೆ ಒಂದು ನಂಬಿಕೆಯನ್ನು ಹೇಳಿಕೊಟ್ಟಿದ್ದಾರೆ: ಜಗತ್ತು ಸರಾಸರಿಯಲ್ಲಿ ನಡುಬೂದು ಬಣ್ಣದ್ದು. ಛಾಯಾಗ್ರಾಹಕರು ಈ ನಡುಬೂದಿಗೆ ಒಂದು ರಟ್ಟನ್ನೇ ಇಟ್ಟುಕೊಂಡಿರುತ್ತಾರೆ. ಅದು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 18 ಪಾಲನ್ನು ಮಾತ್ರ ಹಿಂದಿರುಗಿಸುತ್ತದೆ. ನೂರರಲ್ಲಿ ಐವತ್ತಲ್ಲವೇ ನಡುವೆಂದರೆ, ಎಂದು ಲೆಕ್ಕದ ಮೇಷ್ಟ್ರು ಕೇಳಬಹುದು. ನಮ್ಮ ಕಣ್ಣಿನ ಲೆಕ್ಕವು ಬೇರೆ: ಕಪ್ಪಿಗೂ ಬಿಳುಪಿಗೂ ಸರಿನಡುವೆಂದು ಅದಕ್ಕೆ ಕಾಣುವುದು ಸುಮಾರು ಆ 18ರ ಬಣ್ಣವೇ. 1940ರ ಸುಮಾರಿನಲ್ಲಿ ಅಮೆರಿಕೆಯ ಆನ್ಸೆಲ್ ಆಡಮ್ಸ್, ಫ್ರೆಡ್ ಆರ್ಚರ್ ಎಂಬವರು ಕಡುಗಪ್ಪಿನಿಂದ ಅಚ್ಚಬಿಳುಪಿನವರೆಗೆ ಸೊನ್ನೆಯಿಂದ 10ರ ತನಕ ಮೆಟ್ಟಿಲುಗಳನ್ನು ಕಲ್ಪಿಸಿದರು. ಈ ನಡುಬೂದನ್ನು ಅವರು ಐದನೆಯ ಮೆಟ್ಟಿಲಿನಲ್ಲಿ ಕೂರಿಸಿದರು. ಮೀಟರು ತಾನು ಕಂಡುದನ್ನೆಲ್ಲ ತಂದು ನಿಲ್ಲಿಸುವುದು ಆ ಐದನೆಯ ಮೆಟ್ಟಿಲಿನ ಮೇಲೆಯೇ. ಮಲ್ಲಿಗೆಯನ್ನು ಕಂಡರೆ, ಬೆಳಕು ಹೆಚ್ಚಾಯಿತೆಂದು ಕುಗ್ಗಿಸುತ್ತದೆ. ಎಮ್ಮೆಯನ್ನು ಕಂಡರೆ, ಸಾಲದಾಯಿತೆಂದು ಹಿಗ್ಗಿಸುತ್ತದೆ. ಎರಡೂ ಬೂದಿಯಾಗುತ್ತವೆ.

ಇದನ್ನು ಕೇಳುತ್ತಿದ್ದಂತೆಯೇ ನನಗೆ ಪಾಠಶಾಲೆಯ ವ್ಯಾಕರಣವು ನೆನಪಿಗೆ ಬಂದಿತು. ಶಾಸ್ತ್ರದಲ್ಲಿ ಉತ್ಸರ್ಗವೆಂದೂ ಅಪವಾದವೆಂದೂ ಎರಡುಂಟು. ಉತ್ಸರ್ಗವು ಎಲ್ಲೆಡೆಗೂ ಅನ್ವಯಿಸುವ ಸಾಮಾನ್ಯ ವಿಧಿ; ಅಪವಾದವು ವಿಶೇಷ ಸಂದರ್ಭಕ್ಕೆಂದು ಹೇಳಿದ ವಿಧಿ. ಸ್ವರವು ಪರವಾದರೆ ಇಕಾರಕ್ಕೆ ಯಕಾರವು ಬರಬೇಕೆಂಬುದು ಸಾಮಾನ್ಯ. ಹಾಗೆಯೇ ‘ಇತಿ’ ಎಂಬುದಕ್ಕೆ ‘ಆದಿ’ ಸೇರಿದರೆ ‘ಇತ್ಯಾದಿ’ ಎಂದಾಗುತ್ತದೆ. ಆದರೆ ‘ಕವಿ’ಗೆ ‘ಇಂದ್ರ’ನು ಸೇರಿದಾಗ, ಪರವಾಗಿರುವುದು ಸವರ್ಣಸ್ವರವೆಂದು ನೋಡಿ, ದೀರ್ಘವನ್ನು ವಿಧಿಸಿ ‘ಕವೀಂದ್ರ’ ಎನ್ನುತ್ತೇವೆ. ಅಲ್ಲಿ ಸಾಮಾನ್ಯ ಸೂತ್ರವನ್ನೇ ಹಿಡಿದು ‘ಕವ್ಯಿಂದ್ರ’ ಎಂದವನು ಸೂತ್ರವನ್ನು ಬಲ್ಲವನೇ ಹೌದು, ವ್ಯಾಕರಣವನ್ನು ಬಲ್ಲವನಲ್ಲ. ಅಪವಾದವು ಉತ್ಸರ್ಗಕ್ಕಿಂತ ಬಲವತ್ತರವೆಂಬುದು ಅದಕ್ಕಾಗಿಯೇ. ನನ್ನ ಕ್ಯಾಮರಾದ ಮೀಟರು ಉತ್ಸರ್ಗವನ್ನು ಮಾತ್ರ ಉರುಹೊಡೆದ ಶಿಷ್ಯ. “ಇದು ಅಪವಾದಸ್ಥಳ” ಎಂದು ಅದಕ್ಕೆ ತಿಳಿಸುವ ಉಪಾಯವೇ ಆ ಕೂಡುವ ಕಳೆಯುವ ಗುರುತುಗಳ ಗುಂಡಿ.

ಆ ಗುಂಡಿಯ ಕ್ರಮವು ಸುಲಭವಾದುದು. ಸೊನ್ನೆಯನ್ನು ನಡುವಿನಲ್ಲಿಟ್ಟುಕೊಂಡ ಒಂದು ಮಾನದಂಡವಿದೆ. ಬಲಕ್ಕೆ ಕೂಡುವುದು, ಎಡಕ್ಕೆ ಕಳೆಯುವುದು. ಒಂದು ಪೂರ್ತಿ ಅಂಕವನ್ನು ಕೂಡಿಸಿದರೆ ಬೆಳಕು ಎರಡರಷ್ಟಾಗುತ್ತದೆ, ಕಳೆದರೆ ಅರ್ಧವಾಗುತ್ತದೆ. ಒಂದೊಂದು ಅಂಕದಲ್ಲಿಯೂ ಮೂರು ಮೂರು ಹಲ್ಲುಗಳಿರುವುದರಿಂದ ಸೂಕ್ಷ್ಮವಾಗಿ ಹೊಂದಿಸಬಹುದು. ರಂಧ್ರದ ಅಳತೆಯನ್ನು ನಾವೇ ನಿಶ್ಚಯಿಸಿಕೊಂಡಿದ್ದರೆ, ಯಂತ್ರವು ತನ್ನ ಷಟರಿನ ರೆಪ್ಪೆಯನ್ನು ಹೆಚ್ಚು ಹೊತ್ತು ತೆರೆದೋ ಬೇಗ ಮುಚ್ಚಿಯೋ ನಮ್ಮ ಮಾತನ್ನು ನಡೆಸಿಕೊಡುತ್ತದೆ. ಮಲ್ಲಿಗೆಗೆ ಒಂದೂವರೆ ಅಂಕದ ಆಸುಪಾಸಿನಲ್ಲಿ ಕೂಡಿಸಬೇಕಾಯಿತು. ಎಮ್ಮೆಗೆ ಒಂದಂಕವನ್ನು ಕಳೆಯಬೇಕಾಯಿತು. ಬಿಳಿಯದಕ್ಕೆ ಕೂಡು, ಕರಿಯದಕ್ಕೆ ಕಳೆ ಎಂಬುದು ಮೊದಲು ಕೇಳುವವರಿಗೆ ತಲೆಕೆಳಗಾಗಿ ತೋರುತ್ತದೆ. ಆದರೆ ನಾವು ತಿದ್ದುತ್ತಿರುವುದು ವಸ್ತುವನ್ನಲ್ಲ, ಯಂತ್ರದ ಪೂರ್ವಗ್ರಹವನ್ನು ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಗೊಂದಲವಿಲ್ಲ.

ಇನ್ನೊಂದು ಪಾಠವು ಶ್ರವಣಬೆಳಗೊಳದಲ್ಲಿ ಆಯಿತು. 981ರ ಸುಮಾರಿನಲ್ಲಿ ಚಾವುಂಡರಾಯನು ನಿಲ್ಲಿಸಿದ ಗೊಮ್ಮಟನ ಮೂರ್ತಿಗೆ ಬೆಟ್ಟದ ತುದಿಯಲ್ಲಿ ಆಕಾಶವೇ ಹಿನ್ನೆಲೆ. ತಗ್ಗಿನಲ್ಲಿ ನಿಂತು ಮುಖವೆತ್ತಿ ಪಟವನ್ನು ಹಿಡಿದರೆ, ಬೆಳ್ಮುಗಿಲಿನ ಹೊಳಪನ್ನು ಕಂಡು ಹೆದರಿದ ಮೀಟರು ಎಲ್ಲವನ್ನೂ ಕುಗ್ಗಿಸಿಬಿಟ್ಟಿತು. ಸಾವಿರ ವರ್ಷಗಳಿಂದ ನಗುತ್ತಿರುವ ಆ ಮುಖದಲ್ಲಿ ನಗುವೇ ಕಾಣಲಿಲ್ಲ. ಒಂದಂಕಕ್ಕಿಂತ ತುಸು ಹೆಚ್ಚಾಗಿ ಕೂಡಿಸಿದೆನು. ತುಟಿಯಂಚಿನ ನಗುವು ಮೆಲ್ಲನೆ ಹೊರಗೆ ಬಂದಿತು. ಆ ಕ್ಷಣದಲ್ಲಿಯೇ ತೊಟ್ಟಿಯಲ್ಲಿ ಕುಳಿತಿದ್ದ ಅಕ್ಕನ ನೆನಪಾಯಿತು. ಅಂದು ಅವಳ ಮುಖವು ಕಪ್ಪಾಗಿ ಬಂದುದು ಅವಳ ಬಣ್ಣದ ದೆಸೆಯಿಂದಲ್ಲ. ಹಿಂದಿನ ಗೋಡೆಯ ಬೆಳಕಿನ ದೆಸೆಯಿಂದ, ಅದಕ್ಕಿಂತ ಹೆಚ್ಚಾಗಿ ನನ್ನ ಅಜ್ಞಾನದ ದೆಸೆಯಿಂದ. ಅವಳ ಸ್ಥಳದಲ್ಲಿ ಯಾವ ಬೆಳ್ಳನೆಯ ರಾಜಕುಮಾರಿಯು ಕುಳಿತಿದ್ದರೂ ಅವಳ ಮುಖಕ್ಕೂ ಮಬ್ಬೇ ಕವಿಯುತ್ತಿದ್ದಿತು.

ಈ ವರ್ಷದ ಗೌರಿ ಹಬ್ಬಕ್ಕೆ ಅಕ್ಕನು ಬಂದಾಗ, ಬಾಗಿನವನ್ನು ಕೊಟ್ಟು ನಮಸ್ಕಾರ ಮಾಡಿ, “ಅಕ್ಕ, ಹೋದ ವರ್ಷ ಕುಳಿತ ಕಡೆಯಲ್ಲಿಯೇ ಇನ್ನೊಂದು ಸಲ ಕೂತುಕೋ” ಎಂದು ಕೇಳಿಕೊಂಡೆನು. “ಇದ್ದಲಿಗೆ ಎಷ್ಟು ಸಲ ಪಟ ತೆಗೆಯುತ್ತೀಯೋ?” ಎನ್ನುತ್ತಲೇ ಬಂದು ಕುಳಿತಳು. ಸ್ಥಳವನ್ನು ಬದಲಾಯಿಸಿ, ಅವಳನ್ನು ಬೆಳಕಿಗೆ ಅಭಿಮುಖವಾಗಿ ಕೂರಿಸಿದ್ದರೆ ಕೆಲಸವು ಸುಲಭವಾಗುತ್ತಿದ್ದಿತು. ಆದರೆ ಅದೇ ಕಂಬ, ಅದೇ ಗೋಡೆ, ಅದೇ ಬಿಸಿಲು ಇರಬೇಕೆಂಬುದು ನನ್ನ ಹಟ. ಗುಂಡಿಯನ್ನು ಎಂಟು ಹಲ್ಲು ತಿರುಗಿಸಿ ಒಂದನ್ನು ತೆಗೆದೆನು. ಅಂದರೆ ಯಂತ್ರವು ಕೇಳಿದುದಕ್ಕೆ ಆರು ಪಟ್ಟಿಗೂ ಮೀರಿದ ಬೆಳಕು. ಅಕ್ಕನು ಅದನ್ನು ನೋಡಿ ಮುಖವನ್ನು ತಿರುಗಿಸಿದಳು.

“ಇದು ಬೇಡ ಕಣೋ. ಇದು ಆ ಸ್ಟುಡಿಯೋದವನು ತೆಗೆದ ಪಟ.”

ಐವತ್ತಕ್ಕೂ ಮಿಕ್ಕ ವರ್ಷಗಳಲ್ಲಿ ಅವಳು ಆ ಪಟದ ಮಾತನ್ನೆತ್ತಿದುದು ಅದೇ ಮೊದಲು. ನನಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಮೂರು ಹಲ್ಲು ಹಿಂದಕ್ಕೆ ತಿರುಗಿಸಿದೆನು. ಬೆಳಕು ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಹಿಂದಿನ ಸುಣ್ಣದ ಗೋಡೆಯು ಬರಿಯ ಬಿಳುಪಾಗಿ, ಅದರಲ್ಲಿದ್ದ ದೀಪದ ಗೂಡು ಮಾಯವಾಯಿತು. ಬಿಳುಪಿನಲ್ಲಿ ಹೀಗೆ ತೊಳೆದುಹೋದ ವಿವರವನ್ನು ಆಮೇಲೆ ಯಾವ ಉಪಾಯದಿಂದಲೂ ಮರಳಿ ತರಲಾಗದು. ಗೋಡೆಯೂ ಬೇಕು ಮುಖವೂ ಬೇಕು ಎಂದರೆ ಆ ಬೆಳಕಿನಲ್ಲಿ ಆಗುವಂತಿರಲಿಲ್ಲ. ನನಗೆ ಗೋಡೆಯು ಬೇಡವಾಗಿದ್ದಿತು. ಗಾಜಿನಲ್ಲಿ ಅಕ್ಕನ ಮುಖವು ಮೂಡಿದ್ದಿತು: ಎಣ್ಣೆಗಪ್ಪಿನ ನುಣುಪು, ಹಣೆಯ ಗೆರೆಗಳು, ಕುಂಕುಮವಿಲ್ಲದ ಹಣೆಯ ಮೇಲೆ ಅವಳು ಬಿಡದೆ ಇಟ್ಟುಕೊಳ್ಳುವ ಸಣ್ಣ ಕಪ್ಪು ಬೊಟ್ಟು, ಕಣ್ಣಿನೊಳಗೆ ತೊಟ್ಟಿಯ ಬೆಳಕು. ನಮ್ಮ ತಾಯಿಯ ಗದ್ದವು ಅಕ್ಕನಿಗೆ ಬಂದಿರುವುದನ್ನು ನಾನು ಅದುವರೆಗೂ ಗಮನಿಸಿರಲಿಲ್ಲ.

ಅಕ್ಕನು ಕನ್ನಡಕವನ್ನು ತರಿಸಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ, “ಹೌದು, ಇದು ನಾನು” ಎಂದಳು. ತುಸು ತಡೆದು, “ಕಪ್ಪಾಗಿಯೇ ಇದ್ದೇನೆ. ಆದರೂ ಕಾಣುತ್ತೇನೆ” ಎಂದಳು.

ಅಂದು ಸಂಭ್ರಮದಲ್ಲಿ ಗುಂಡಿಯನ್ನು ಸೊನ್ನೆಗೆ ತಿರುಗಿಸುವುದನ್ನು ಮರೆತೆನು. ಮರುದಿನ ಗಣಪತಿಯ ಮಂಟಪವನ್ನು ಹಿಡಿದ ಹತ್ತು ಪಟಗಳು ಸುಣ್ಣದ ನೀರಿನಲ್ಲಿ ಅದ್ದಿ ತೆಗೆದಂತೆ ಬಂದುವು. ಅಪವಾದವನ್ನು ಅದರ ಸ್ಥಳದಿಂದಾಚೆಗೆ ಎಳೆದರೆ ಅದೂ ತಪ್ಪು ಸೂತ್ರವೇ ಆಗುತ್ತದೆ. ಈ ಕೆಲಸಕ್ಕೆ ಕೈಹಾಕುವವರು ಇದನ್ನು ಮರೆಯಬಾರದು. ಕ್ಯಾಮರಾವಿಲ್ಲದ ವಾಚಕರು ತಮ್ಮ ಮೊಬೈಲ್ ಫೋನಿನಲ್ಲಿಯೂ ಇದನ್ನು ಮಾಡಿ ನೋಡಬಹುದು. ಹಲವು ಫೋನುಗಳಲ್ಲಿ ಗಾಜಿನ ಮೇಲೆ ಕಾಣುವ ಮುಖವನ್ನು ಬೆರಳಿನಿಂದ ಮುಟ್ಟಿದರೆ ಪಕ್ಕದಲ್ಲಿ ಸಣ್ಣ ಸೂರ್ಯನೊಬ್ಬನು ಉದಯಿಸುತ್ತಾನೆ. ಅವನನ್ನು ಮೇಲಕ್ಕೆ ಸರಿಸಿದರೆ ಕೂಡುವುದು, ಕೆಳಕ್ಕೆ ಸರಿಸಿದರೆ ಕಳೆಯುವುದು.

ಫೋನಿನ ಮಾತು ಬಂದುದರಿಂದ ಇನ್ನೊಂದನ್ನು ಹೇಳಿ ಮುಗಿಸುವೆನು. ಅಕ್ಕನ ಮೊಮ್ಮಗಳು ಬೆಂಗಳೂರಿನಲ್ಲಿ ಓದುತ್ತಿದ್ದಾಳೆ. ಅಜ್ಜಿಯ ಬಣ್ಣವೇ ಅವಳದು. ಅವಳು ಕಳುಹಿಸುವ ಪಟಗಳಲ್ಲಿ ಮಾತ್ರ ಫೋನಿನೊಳಗಿನ ಯಾವುದೋ ಶೋಧಕವು ಅವಳನ್ನು ಮೈದಾಹಿಟ್ಟಿನ ಬೊಂಬೆಯಂತೆ ಮಾಡಿಬಿಟ್ಟಿರುತ್ತದೆ. ಸ್ಟುಡಿಯೋದವನ ಪೆನ್ಸಿಲು ಸತ್ತಿಲ್ಲ; ಫೋನಿನೊಳಕ್ಕೆ ಹೋಗಿ ಕುಳಿತಿದೆ, ಅಷ್ಟೆ. ಅಕ್ಕನು ಹೊರಡುವ ಮುನ್ನ ನನ್ನನ್ನು ಕರೆದು, “ಆ ಪಟವನ್ನು ಹುಡುಗಿಗೆ ಕಳಿಸಿಬಿಡು” ಎಂದಳು. ಕಳುಹಿಸಿದೆನು. ಸಂಜೆಗೆ ಉತ್ತರವು ಬಂದಿತು: “ಅಜ್ಜಿ, ನೀನು ಥೇಟ್ ನನ್ನ ಹಾಗೇ ಇದ್ದೀಯಲ್ಲ!” ಅಕ್ಕನು ಅದನ್ನು ನನ್ನ ಕೈಯಲ್ಲಿ ಎರಡು ಸಲ ಓದಿಸಿದಳು.

ಅವಳು ಕಳೆದುಕೊಂಡುದು ಎಷ್ಟೆಂಬುದನ್ನು ಅಳೆಯುವ ಮೀಟರು ಯಾವ ಅಂಗಡಿಯಲ್ಲಿಯೂ ದೊರೆಯುವುದಿಲ್ಲ. ಐದು ಹಲ್ಲುಗಳಷ್ಟು ಬೆಳಕಿನಿಂದ ಅದೆಲ್ಲವೂ ಸಂದಾಯವಾಯಿತೆಂದು ನಾನು ಹೇಳಲಾರೆನು. ಆದರೆ ಆ ತಿಂಗಳು ನಡೆದ ಒಂದು ಮುಂಜಿಯ ಮನೆಯಲ್ಲಿ, ಪಟಕ್ಕೆ ಎಲ್ಲರೂ ಸಾಲಾಗಿ ನಿಂತಾಗ, ಅಕ್ಕನು ಮುಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ ಕುಳಿತಿದ್ದಳು. ಪಟವನ್ನು ತೆಗೆಯುತ್ತಿದ್ದವನು ನನ್ನ ಆ ಹಳೆಯ ವಿದ್ಯಾರ್ಥಿಯೇ. ಅವನು ನನ್ನ ಕಡೆಗೊಮ್ಮೆ ನೋಡಿ, ಗುಂಡಿಯನ್ನು ಎರಡು ಹಲ್ಲು ತಿರುಗಿಸಿಕೊಂಡನು.